ಬೋರೆ ಮರದ ನೆರಳು, ಸ್ಟೀಲಿನ ಡಬ್ಬಿ

ನನ್ನ ಮೊಮ್ಮಗಳ ಫೋನಿನಲ್ಲಿ ನನ್ನ ಫೋಟೋಗಳು ರಾಶಿ ಬಿದ್ದಿವೆ. ಎಲ್ಲದರಲ್ಲಿಯೂ ನಾನು ಕೆಂಪು ಬಿಳಿ ಪಟ್ಟಿ ಬಳಿದ ಒಂದು ಕೋಲು ಹಿಡಿದುಕೊಂಡು ಯಾವುದಾದರೂ ಮರದ ಪಕ್ಕ ನಿಂತಿರುತ್ತೇನೆ. ಎಲ್ಲದರಲ್ಲಿಯೂ ಹಲ್ಲು ಕಾಣುವ ಹಾಗೆ ನಗುತ್ತಿರುತ್ತೇನೆ. ಮೊದಲ ಸಲ ಹಾಗೆ ನಿಂತಾಗ ನಮ್ಮ ತಂಡವನ್ನು ನೋಡಿಕೊಳ್ಳುವ ಹೆಂಗಸು ಹತ್ತಿರ ಬಂದು ಮೆಲ್ಲಗೆ ಹೇಳಿದರು. ಅವರು ಬೆಂಗಳೂರಿನವರು, ದೋಹಾದ ಅಲ್ ಸದ್ದ್‌ನಲ್ಲಿ ದೊಡ್ಡ ಆಫೀಸಿನಲ್ಲಿ ಕೆಲಸ, ಮಾತು ಬಹಳ ನಯ.

"ಅಮ್ಮಾ, ನೀವು ನಗಬೇಕಂತೇನಿಲ್ಲ. ಫೋಟೋ ಮರದ್ದು."

"ಮರ ನಗುವುದಿಲ್ಲವಲ್ಲ ಮಗಾ, ಅದರ ಬದಲಿಗೆ ನಾನು," ಎಂದೆ.

ಕೋಲು ಹಿಡಿಯುವುದು ಮರದ ಎತ್ತರ ತಿಳಿಯಲಿಕ್ಕೆ. ಪ್ರತಿ ಸಲವೂ ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ, ಬೆಳಗಿನ ಅದೇ ಹೊತ್ತಿಗೆ ಫೋಟೋ ತೆಗೆಯಬೇಕು. ಹಿಂದಿನ ಸಲದ ಫೋಟೋದ ಪಕ್ಕ ಇಟ್ಟು ನೋಡಿದರೆ ಏನು ಹೋಯಿತು, ಏನು ಬಂತು ಎಂದು ಗೊತ್ತಾಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ನನಗೆ, ಮುದುಕಿಯಾದ ಮೇಲೆ ಕತಾರಿನಲ್ಲಿ ಇಂಥ ಕೆಲಸ ಸಿಕ್ಕಿದ್ದು ಯಾವ ಪುಣ್ಯವೋ. ಸಂಬಳ ಇಲ್ಲ. ಆದರೆ ಕೊರಳಿಗೆ ಹಾಕುವ ಕಾರ್ಡು ಕೊಟ್ಟಿದ್ದಾರೆ, ಅದರಲ್ಲೂ ನಗುತ್ತಿದ್ದೇನೆ.

ನಿಜ ಹೇಳುವುದಾದರೆ ಕೆಲಸ ನನ್ನದಲ್ಲ, ಮೊಮ್ಮಗಳದು. ಅವಳು ಒಂಬತ್ತನೇ ಕ್ಲಾಸು. ಸಣ್ಣವರು ಸೇರಬೇಕಾದರೆ ಮನೆಯ ದೊಡ್ಡವರೊಬ್ಬರು ಜೊತೆಗೆ ಇರಲೇಬೇಕು ಎಂದು ನಿಯಮ. ಮಗಳಿಗೆ ಶನಿವಾರವೂ ಕೆಲಸ. ಅಳಿಯ ಮೈಸೂರಿನವರು, ಬಹಳ ಒಳ್ಳೆಯ ಮನುಷ್ಯ, ಆದರೆ ರಜೆಯ ದಿನ ಎಬ್ಬಿಸಿದರೆ ಸೂರ್ಯನ ಮೇಲೂ ಸಿಟ್ಟು ಮಾಡಿಕೊಳ್ಳುವವರು. "ಅತ್ತೆ, ನೀವೇ ಹೋಗಿಬನ್ನಿ, ನಿಮಗೆ ವಾಕಿಂಗೂ ಆಗುತ್ತೆ" ಎಂದರು. ಹಾಗೆ ನಾನು ದೊಡ್ಡವರೊಬ್ಬರು ಆದೆ. ಐನ್ ಖಾಲಿದ್‌ನ ನಮ್ಮ ಮನೆಯ ಬಾಗಿಲಿಗೆ ತಿಂಗಳಿಗೊಂದು ಶನಿವಾರ ಬೆಳಕು ಹರಿಯುವಾಗಲೇ ತಂಡದ ಗಾಡಿ ಬರುತ್ತದೆ. ನೀರಿನ ಬಾಟಲಿ ಹಿಡಿದು, ಟೊಪ್ಪಿ, ಬೂಟು ಹಾಕಿಕೊಂಡು ಹುಡುಗಿ ನನ್ನ ಮುಂದೆ ಮೆಟ್ಟಿಲಿಳಿದು ಹೋಗುವುದನ್ನು ನೋಡುವಾಗ ನನಗೆ ಎದೆಯೊಳಗೆ ಹಾಲು ಉಕ್ಕಿದ ಹಾಗೆ ಆಗುತ್ತದೆ. ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಸರ ಇಲ್ಲ, ಓದುವವರು ತಾಳಿಕೊಳ್ಳಬೇಕು.

ಅವಳಿಗೆ ಮಾತು ಕಡಿಮೆ. ಶಾಲೆಯಲ್ಲಿ ಇಂಗ್ಲಿಷು, ಅಪ್ಪನ ಹತ್ತಿರ ಮೈಸೂರು ಕನ್ನಡ, ನನ್ನ ಹತ್ತಿರ ನಮ್ಮ ಊರಿನ ಕನ್ನಡ, ಈ ಮೂರನ್ನೂ ಕಲಸಿ ಒಂದೊಂದೇ ಮಾತು ಆಡುತ್ತಾಳೆ. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಸರಿಯುವ ಮಗು. ಮರಗಳ ನಡುವೆ ಬಿಟ್ಟರೆ ಮಾತ್ರ ಬೇರೆಯೇ ಹುಡುಗಿ. ಬಗ್ಗಿ ನೋಡುವುದೇನು, ಮುಳ್ಳಿನ ಒಳಗೆ ಕೈ ಹಾಕುವುದೇನು, "ಅಜ್ಜಿ, ಕೋಲು ಸ್ಟ್ರೈಟ್ ಹಿಡಿ" ಎಂದು ನನ್ನನ್ನು ಗದರಿಸುವುದೇನು.

ನಾವು ಹೋಗುವ ಕಾಡು ದುಖಾನ್ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ತೋಟದ ಹಿಂದೆ ಇದೆ. ಕಾಡು ಎಂದರೆ ನಮ್ಮ ಊರಿನವರು ನಗಬೇಕು. ತಗ್ಗು ಜಾಗ. ಯಾವಾಗಲಾದರೂ ಮಳೆ ಬಿದ್ದರೆ ಸುತ್ತಲಿನ ನೀರೆಲ್ಲ ಅಲ್ಲಿಗೆ ಬಂದು ಇಂಗುತ್ತದೆ, ಅದಕ್ಕೇ ಅಲ್ಲಿ ಮರ ಎದ್ದಿದೆ. ಇಲ್ಲಿಯವರು ಅಂಥ ಜಾಗಕ್ಕೆ ರೌದಾ ಎನ್ನುತ್ತಾರೆ. ಜಾಲಿಯಂಥ ಮುಳ್ಳಿನ ಮರಗಳು, ಪೊದೆಗಳು, ನಡುನಡುವೆ ಸಿದ್ರ್ ಮರಗಳು. ಸಿದ್ರ್ ಎಂದರೆ ನಮ್ಮ ಬೋರೆ ಮರದ ಅಕ್ಕನೋ ತಂಗಿಯೋ. ಎಲೆ ಮುಟ್ಟಿದ ಕೂಡಲೇ ನನಗೆ ಗುರುತಾಯಿತು. ಬೀಡಿ ಎಲೆ ಕತ್ತರಿಸಿ ಬದುಕಿದವಳ ಬೆರಳಿಗೆ ಎಲೆಯ ನೆನಪು ಹೋಗುವುದಿಲ್ಲ.

ಆ ಜಾಗ ಒಬ್ಬ ಮುದುಕಿಯದು. ನನ್ನದೇ ಪ್ರಾಯ ಇರಬಹುದು, ನನಗಿಂತ ನೆಟ್ಟಗೆ ನಡೆಯುತ್ತಾರೆ. ಎಲ್ಲರೂ ಅವರನ್ನು ಹಜ್ಜಾ ಎಂದು ಕರೆಯುತ್ತಾರೆ, ಹಜ್ ಮಾಡಿ ಬಂದ ಹಿರಿಯರಿಗೆ ಕೊಡುವ ಮರ್ಯಾದೆ ಅದು. ಚಳಿಗಾಲ ಇಡೀ ಅವರು ತೋಟದಲ್ಲೇ ಇರುವುದು. ತಾನು ಹೋದ ಮೇಲೆ ಗಂಡುಮಕ್ಕಳು ಆ ತಗ್ಗಿನಲ್ಲಿ ಬಾಡಿಗೆ ಮನೆ ಕಟ್ಟುತ್ತಾರೆ, ಇಲ್ಲವಾದರೆ ಗಾಡಿ ಓಡಿಸಿ ಆಟ ಆಡುತ್ತಾರೆ ಎಂದು ಹೆದರಿ, ಪರಿಸರದ ಒಂದು ಸಂಸ್ಥೆಯ ಜೊತೆ ಕಾಗದ ಮಾಡಿಸಿಕೊಂಡಿದ್ದಾರೆ. ಜಾಗ ಅವರದೇ, ಆದರೆ ಮರ ಕಡಿಯುವ ಹಾಗಿಲ್ಲ, ಮೇಯಿಸುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ಮಾರಿದರೆ ಕೊಂಡವರಿಗೂ ಅದೇ ಕಟ್ಟು. ಕಟ್ಟು ಮುರಿದಿಲ್ಲವಷ್ಟೇ ಎಂದು ನೋಡಿ ಬರೆಯುವುದೇ ನಮ್ಮಂಥ ಸ್ವಯಂಸೇವಕರ ಕೆಲಸ. ಬೇಲಿ ಸರಿ ಇದೆಯಾ, ಟಯರಿನ ಗುರುತು ಇದೆಯಾ, ಹೊಸ ಸಸಿ ಎದ್ದಿದೆಯಾ, ಅಷ್ಟೇ.

ಮೊಮ್ಮಗಳು ಇದನ್ನೆಲ್ಲ ನನಗೆ ವಿವರಿಸಿದಾಗ ನಾನು ಹೇಳಿದ್ದೆ, "ಗೊತ್ತಾಯ್ತು. ನಮ್ಮ ನಾಗಬನದ ಹಾಗೆ."

"ಅದೆಂತ?"

"ನಮ್ಮ ಊರಿನಲ್ಲಿ ಮನೆಯವರದ್ದೇ ಜಾಗದ ಮೂಲೆಯಲ್ಲಿ ನಾಗನಿಗೆ ಅಂತ ಬಿಟ್ಟ ಮರಗಳು. ಅಲ್ಲಿ ಕತ್ತಿ ಹಾಕುವ ಹಾಗಿಲ್ಲ. ಒಲೆಗೆ ಅಂತ ಒಂದು ಒಣಕಡ್ಡಿ ತರುವ ಹಾಗೂ ಇಲ್ಲ. ಜಾಗದ ಯಜಮಾನನೇ ಆದರೂ ಇಲ್ಲ."

"ಯಾರು ಚೆಕ್ ಮಾಡ್ತಾರೆ?"

"ನಾಗನೇ. ಫೋಟೋ ಎಲ್ಲ ಬೇಡ ಅವನಿಗೆ."

ಅವಳು ನಕ್ಕಳು. ಅದನ್ನು ಎಲ್ಲೋ ಒಳಗೆ ಜೋಪಾನವಾಗಿ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ಆಮೇಲೆ.

ಇನ್ನು ಡಬ್ಬಿಯ ವಿಷಯ. ನಾವು ಮೊದಲ ಸಲ ಹೋದ ದಿನ ಸುತ್ತು ಮುಗಿಸಿ ಬರುವಾಗ ಹಜ್ಜಾ ಖರ್ಜೂರದ ಮರಗಳ ಕೆಳಗೆ ಕಂಬಳಿ ಹಾಸಿ ಕೂತಿದ್ದರು. ತಂಡದವರಿಗೆಲ್ಲ ಕಾಫಿ ಕೊಟ್ಟರು. ಅವರಿಗೆ ಸ್ವಲ್ಪ ಹಿಂದಿ ಬರುತ್ತದೆ, ಮನೆ ಕೆಲಸದವರಿಂದ ಕಲಿತದ್ದು. ನನಗೂ ಸ್ವಲ್ಪ ಬರುತ್ತದೆ, ಟಿ.ವಿ.ಯಿಂದ ಕಲಿತದ್ದು. ಇಬ್ಬರ ಹಿಂದಿಯೂ ಕುಂಟುವುದರಿಂದ ಜೊತೆಯಾಗಿ ನಡೆಯಲಿಕ್ಕೆ ಸುಲಭವಾಯಿತು. ಹೊರಡುವಾಗ ಒಂದು ಸ್ಟೀಲಿನ ಡಬ್ಬಿಯ ತುಂಬ ಖರ್ಜೂರ ಹಾಕಿ ನನ್ನ ಕೈಯಲ್ಲಿಟ್ಟರು. ಬಾಯಿ ಅಗಲದ, ಮುಚ್ಚಳಕ್ಕೆ ಹಿಡಿ ಇರುವ ಗಟ್ಟಿ ಡಬ್ಬಿ.

ನಮ್ಮಲ್ಲಿ ಬೇರೆಯವರ ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಹಾಗಾಗಿ ಮುಂದಿನ ಸಲ ನಾನು ಅದರಲ್ಲಿ ಎಳ್ಳುಂಡೆ ತುಂಬಿಸಿಕೊಂಡು ಹೋದೆ. ನೋಡಿದರೆ ಅವರಿಗೂ ಅದೇ ಅಭ್ಯಾಸ. ಎಳ್ಳುಂಡೆ ತೆಗೆದಿಟ್ಟು ಡಬ್ಬಿಯಲ್ಲಿ ಕಾಗದದಷ್ಟು ತೆಳ್ಳಗಿನ ಗರಿಗರಿ ರೊಟ್ಟಿ ಮುರಿದು ತುಂಬಿಸಿ ಕೊಟ್ಟರು. ನಾನು ಊರಿನಿಂದ ತರಿಸಿದ್ದ ಹಲಸಿನ ಹಪ್ಪಳ ಕರಿದು ಕೊಟ್ಟೆ. ಹೀಗೆ ನಿಲ್ಲಿಸುವವರು ಯಾರೂ ಇಲ್ಲದೆ ಡಬ್ಬಿ ಹೋಗುವುದು ಬರುವುದು ನಡೆಯಿತು. ಮಗಳು, "ಅಮ್ಮ, ಇದು ಯಾವಾಗ ಮುಗಿಯುವುದು?" ಎಂದು ಕೇಳಿದಳು. ಮುಗಿಯುವುದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಆ ಸಲದ ಹಪ್ಪಳ ತಿನ್ನುತ್ತಾ ಹಜ್ಜಾ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಅವಳ ಜಡೆ ಹಿಡಿದು ನೋಡಿದರು. ದೋಹಾದ ನಲ್ಲಿ ನೀರು ತಲೆಗೆ ಆಗುವುದಿಲ್ಲ. ಬಂದವರೆಲ್ಲ ಬಾಚಣಿಗೆ ತೋರಿಸಿ ಸಂಕಟ ಹೇಳುವವರೇ. ನನ್ನ ಮೊಮ್ಮಗಳ ಕೂದಲೂ ಇಲಿಬಾಲದ ಹಾಗೆ ಆಗಿತ್ತು. ಹಜ್ಜಾ ನಾಲಿಗೆಯಲ್ಲಿ ಚ್ಚು ಚ್ಚು ಎಂದು, ನಾನು ಕಳಿಸುತ್ತೇನೆ, ಖಲಾಸ್, ಎಂದರು. ಸ್ವಲ್ಪ ದಿನದಲ್ಲೇ ತೋಟದ ಡ್ರೈವರ್ ದೋಹಾಕ್ಕೆ ಸಾಮಾನಿಗೆ ಬಂದವನು ನಮ್ಮ ಬಾಗಿಲಿಗೆ ಬಂದು ಡಬ್ಬಿ ಕೊಟ್ಟುಹೋದ. ಒಳಗೆ ಹಸಿರು ಪುಡಿ. ಮೂಸಿದರೆ ಬೋರೆ ಎಲೆ. ಒಣಗಿಸಿ ಕುಟ್ಟಿ ಜರಡಿ ಹಿಡಿದದ್ದು, ಕೈಗೆ ರೇಷ್ಮೆಯ ಹಾಗೆ.

ನಾವು ದಾಸವಾಳದ ಎಲೆ ಕಿವುಚಿ ತಲೆಗೆ ಹಾಕಿ ಬೆಳೆದವರು. ಈ ಪುಡಿ ನೀರಿಗೆ ಹಾಕಿದರೆ ಅದೇ ರೀತಿ ಲೋಳೆ ಬಿಟ್ಟು ನೊರೆ ಬರುತ್ತದೆ. ಪ್ರತಿ ಶುಕ್ರವಾರ ಹುಡುಗಿಗೆ ಎಣ್ಣೆ ಹಚ್ಚಿ, ಈ ಪುಡಿಯಲ್ಲಿ ತಲೆ ಉಜ್ಜಿದೆ. ಬಚ್ಚಲಿನ ಸ್ಟೂಲಿನ ಮೇಲೆ ಕೂತು ಅವಳು ಕಣ್ಣು ಮುಚ್ಚಿಕೊಂಡು ಇಡೀ ವಾರದ ಶಾಲೆಯ ಮಾತನ್ನು ಹೇಳುತ್ತಿದ್ದಳು. ಮುಖ ನೋಡಿಕೊಂಡು ಆಡದ ಮಾತೆಲ್ಲ ಆಗ ಬರುತ್ತಿತ್ತು. ಕೂದಲು ಉದುರುವುದು ನಿಂತದ್ದು ಪುಡಿಯಿಂದಲೋ ಮಾತಿನಿಂದಲೋ ನಾನು ಹೇಳಲಾರೆ.

ಅಂಥ ಒಂದು ಶುಕ್ರವಾರದ ಮಾತಿನಲ್ಲೇ ಅವಳು ಹೇಳಿದ್ದು: "ಅಜ್ಜಿ, ನಾಳೆಯಿಂದ ಆ ರೌದಾ ನಂದು. ಆಂಟಿ ಹೇಳಿದ್ರು. ಫೋಟೋ ನಾನೇ ತೆಗೀಬೇಕು, ರಿಪೋರ್ಟ್ ನಾನೇ ಬರೀಬೇಕು. ಅವರು ಲಾಸ್ಟಲ್ಲಿ ಸೈನ್ ಮಾಡ್ತಾರೆ ಅಷ್ಟೇ." ನನಗೆ ಕೈಯಲ್ಲಿದ್ದ ತಂಬಿಗೆ ಇಟ್ಟು ಅವಳ ಒದ್ದೆ ತಲೆಗೇ ಮುತ್ತು ಕೊಡಬೇಕು ಅನಿಸಿತು. ಕೊಟ್ಟೆ. ಬಾಯಿಗೆಲ್ಲ ನೊರೆ.

ಮರುದಿನ ಬೆಳಿಗ್ಗೆ ನಾವು ಹೋದೆವು. ಚಳಿ ಇತ್ತು, ಬಿಸಿಲು ಚೊಕ್ಕವಾಗಿತ್ತು. ನನ್ನ ಚೀಲದಲ್ಲಿ ಡಬ್ಬಿ, ಡಬ್ಬಿಯಲ್ಲಿ ಹೊಸ ಎಳ್ಳುಂಡೆ. ಮೊದಲ ಕಲ್ಲು ಆಯಿತು, ಎರಡನೆಯದು ಆಯಿತು. ಮೂರನೆಯ ಕಲ್ಲಿನ ಎದುರಿಗೆ ದೊಡ್ಡ ಬೋರೆ ಮರ. ನಾನು ಯಾವಾಗಲೂ ನಿಲ್ಲುವಲ್ಲಿ ಕೋಲು ಊರಿ ನಿಂತೆ. ಮೊಮ್ಮಗಳು ಫೋನ್ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಅಜ್ಜಿ, ಕಣ್ಣು ಯಾಕೆ ಮುಚ್ತಿದೀ?"

"ಮುಚ್ಚಲಿಲ್ಲ ಮಾರಾಯ್ತಿ, ಬಿಸಿಲು. ಮುಖಕ್ಕೇ ಹೊಡೆಯುತ್ತಾ ಉಂಟು."

"ಲಾಸ್ಟ್ ಟೈಮ್ ಬಿಸಿಲಿರ್ಲಿಲ್ವಲ್ಲ."

"ಹೋದ ಸಲ ಮೋಡ ಇರಬಹುದು."

ಅವಳು ಹಳೆಯ ಫೋಟೋ ತೆಗೆದು ನೋಡಿದಳು. ಮೋಡ ಇರಲಿಲ್ಲ. ಹೋದ ಸಲ ನನ್ನ ಹಣೆಯ ಮೇಲಿಂದ ಭುಜದವರೆಗೆ ಎಲೆಗಳ ನೆರಳು ಬಿದ್ದಿತ್ತು. ಅವಳು ಫೋನು ಹಿಡಿದುಕೊಂಡೇ ನನ್ನ ಹತ್ತಿರ ನಡೆದು ಬಂದಳು, ನನ್ನ ತಲೆಯ ಮೇಲೆ ನೋಡಿದಳು. ನಾನೂ ನೋಡಿದೆ. ತೋಳಿನಷ್ಟು ದಪ್ಪದ ಕೊಂಬೆ ಇದ್ದ ಜಾಗದಲ್ಲಿ ದುಂಡಗಿನ ಒಂದು ಗಾಯ. ಗರಗಸದಲ್ಲಿ ಕೊಯ್ದದ್ದು, ಚೊಕ್ಕವಾಗಿ. ಕೆಳಗೆ ಒಂದು ಎಲೆ ಬಿದ್ದಿರಲಿಲ್ಲ. ಯಾರೋ ಎಲ್ಲವನ್ನೂ ಬಿಡಿಸಿ ಗೋಣಿಯಲ್ಲಿ ತುಂಬಿಸಿಕೊಂಡು ಹೋಗಿದ್ದಾರೆ.

ಅವಳು ತನ್ನ ಜಡೆಯ ತುದಿಯನ್ನು ಮೂಗಿನ ಹತ್ತಿರ ತಂದುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಆ ಎಲೆ ಎಲ್ಲಿಗೆ ಹೋಯಿತೆಂದು ಅವಳಿಗೆ ಗೊತ್ತಾಗಿತ್ತು.

"ಒಂದು ಕೊಂಬೆ ಅಲ್ವಾ ಮಗಾ," ಎಂದೆ.

"ಬರೀಬೇಕು ಅಜ್ಜಿ."

"ಬರೆಯಬೇಡ ಅಂತ ನಾನು ಹೇಳಲಿಲ್ಲ. ನಿಧಾನಕ್ಕೆ ಹೇಳುವ, ಮುಂದಿನ ಸಲ ಕಡಿಯಬೇಡಿ ಅಂತ. ಅವರ ಮನೆಯದ್ದು ತಿಂದಿದ್ದೇವೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಗಾದೆಯೇ ಉಂಟು."

"ನಾಗಬನದಲ್ಲಿ ಓನರೇ ಆದ್ರೂ ಒಂದು ಕಡ್ಡಿ ತರೋ ಹಾಗಿಲ್ಲ ಅಂತ ಯಾರು ಹೇಳಿದ್ದು?"

ನಾನು ಹೇಳಿದ್ದೇ. ನನ್ನ ಮಾತನ್ನೇ ತಿರುಗಿಸಿ ನನ್ನ ಕೈಗೆ ಕೊಟ್ಟಳು, ಅದೂ ಖಾಲಿ ಅಲ್ಲ, ತುಂಬಿಸಿ. ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಆ ಹೊತ್ತಿನಲ್ಲೂ ಹೆಮ್ಮೆ ಉಕ್ಕಿ ಬರುತ್ತಿತ್ತು. ಬಾಗಿಲ ಹಿಂದೆ ಅಡಗುವ ಹುಡುಗಿ ಇವಳೇನಾ ಎಂದು.

ತಂಡದ ಹೆಂಗಸು ಅಷ್ಟರಲ್ಲಿ ಬಂದರು. ಗಾಯ ನೋಡಿದರು. ಮೊಮ್ಮಗಳು ಪುಡಿಯ ವಿಷಯ, ಡಬ್ಬಿಯ ವಿಷಯ ಎಲ್ಲ ತಾನೇ ಹೇಳಿಬಿಟ್ಟಳು. ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

"ಕಾಫಿ ಕುಡಿಯೋದು ಓಕೆ ಅಮ್ಮಾ. ಆದ್ರೆ ಡಬ್ಬಿ ಹೋಗೋದು ಬರೋದು... ನೀವು ನಂಗೆ ಹೇಳ್ಬೇಕಿತ್ತು. ಜಾಗದವರ ಹತ್ರ ಕೊಟ್ಟು ತಗೊಳ್ಳೋ ಸಂಬಂಧ ಇರೋರು ಆ ಜಾಗದ ರಿಪೋರ್ಟ್ ಬರೆಯೋ ಹಾಗಿಲ್ಲ. ಸಂಸ್ಥೆಯವರು ಇವಳನ್ನ ಬೇರೆ ತೋಟಕ್ಕೆ ಹಾಕಿ ಅಂತಾರೆ."

"ಬೇರೆ ತೋಟ ಅಂದರೆ?"

"ಈ ರೌದಾ ಇವಳಿಗೆ ಸಿಗಲ್ಲ."

ಸಿಕ್ಕಿ ಒಂದು ಬೆಳಗೂ ಆಗಿರಲಿಲ್ಲ. ಮೊಮ್ಮಗಳು ಕೆಳಗೆ ನೋಡುತ್ತಾ ಬೂಟಿನ ತುದಿಯಿಂದ ಮರಳನ್ನು ಒತ್ತುತ್ತಿದ್ದಳು. ಡಬ್ಬಿಯ ವಿಷಯ ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ತಲೆ ಎತ್ತಿ, "ಮೊದಲು ಹಜ್ಜಾ ಹತ್ರ ಹೇಳ್ತೀನಿ. ಅವರಿಗೆ ಹೇಳದೆ ಬರೆಯೋದು ಬೇಡ," ಎಂದಳು.

ಹಜ್ಜಾ ಎಂದಿನ ಜಾಗದಲ್ಲೇ ಕೂತಿದ್ದರು. ಅವರ ಮಗ ಗಾಡಿಗೆ ಒರಗಿ ನಿಂತಿದ್ದ. ನನ್ನ ಚೀಲ ನೋಡಿದ ಕೂಡಲೇ ಅವರ ಮುಖ ಅರಳಿತು. ನಾನು ಚೀಲವನ್ನು ಹಿಂದೆ ಸರಿಸಿಕೊಂಡು ಕೂತೆ. ಮೊಮ್ಮಗಳು ಕೂರಲಿಲ್ಲ. ಶಾಲೆಯಲ್ಲಿ ಕಲಿತ ಅರಬಿಯಲ್ಲಿ, ಸಿಕ್ಕದ ಕಡೆ ಹಿಂದಿ ಸೇರಿಸಿ ಹೇಳಿದಳು, "ಹಜ್ಜಾ, ಮೂರನೆಯ ಕಲ್ಲಿನ ಹತ್ತಿರದ ಸಿದ್ರ್ ಮರದ ಕೊಂಬೆ ಕಡಿದಿದ್ದಾರೆ."

"ನಾನೇ ಕಡಿಸಿದ್ದು. ನಿನ್ನ ತಲೆಗೆ," ಎಂದು ಹಜ್ಜಾ ಕೈಚಾಚಿ ಅವಳ ಜಡೆ ಹಿಡಿದರು. "ನೋಡು, ಈಗ ಹಗ್ಗದ ಹಾಗೆ ಆಗಿದೆ. ನನ್ನ ಅತ್ತೆ ಇದೇ ಮರದಿಂದ ನನ್ನ ತಲೆ ತೊಳೆಯುತ್ತಿದ್ದರು."

"ಕಡಿಯುವ ಹಾಗಿಲ್ಲ ಅಂತ ಕಾಗದದಲ್ಲಿದೆ."

"ಅದು ಇವರಿಗೆ," ಎಂದು ಮಗನ ಕಡೆ ಗದ್ದ ಎತ್ತಿ ತೋರಿಸಿದರು. "ಕಾಗದ ಮಾಡಿಸಿದವಳು ನಾನು. ನನಗೆ ಯಾಕೆ?"

ಮೊಮ್ಮಗಳ ಕಿವಿ ಕೆಂಪಾಯಿತು. ಹೋಗಲಿ ಬಿಡು ಮಗಾ, ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕಾಫಿಯ ಜೊತೆ ನುಂಗಿದೆ.

"ನಾನು ಬರೆಯಬೇಕು ಹಜ್ಜಾ. ಇದನ್ನು ಬರೆಯದಿದ್ದರೆ ನಾನು ಇಲ್ಲಿಗೆ ಬರುವುದು ಯಾಕೆ?"

"ಬರೆದರೆ ಏನಾಗುತ್ತದೆ?"

"ನನಗೆ ಗೊತ್ತಿಲ್ಲ."

ಮಗ ನಗುತ್ತಾ ಮಧ್ಯೆ ಬಂದ. ಒಳ್ಳೆಯ ಹುಡುಗ, ತಮಾಷೆಯವನು. "ಬಿಡಮ್ಮಾ ತಂಗಿ, ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ. ಒಂದು ಕೊಂಬೆ. ನಾನು ಸ್ನೇಹಿತರ ಜೊತೆ ಅಲ್ಲಿ ಟೆಂಟ್ ಹಾಕುತ್ತೇನೆ ಅಂದದ್ದಕ್ಕೆ ಅಮ್ಮ ನನ್ನ ಹತ್ತಿರ ಒಂದು ವಾರ ಮಾತು ಬಿಟ್ಟಿದ್ದರು. ಈಗ ಅವರದ್ದೊಂದು ಕೊಂಬೆ, ನನ್ನದೊಂದು ಟೆಂಟು. ಲೆಕ್ಕ ಸರಿಯಾಯಿತು."

ಹಜ್ಜಾ ಕೂಡ ನಗಲು ಹೊರಟವರು ಅರ್ಧದಲ್ಲೇ ನಿಲ್ಲಿಸಿದರು. ಮಗನನ್ನು ಒಂದಿಷ್ಟು ಹೊತ್ತು ನೋಡಿದರು. ಅವನ ಹಿಂದಿದ್ದ ಗಾಡಿಯನ್ನು, ಅದರ ದೊಡ್ಡ ಟಯರುಗಳನ್ನು ನೋಡಿದರು. ಜಡೆಯಿಂದ ಕೈ ತೆಗೆದರು.

"ಬರಿ," ಎಂದರು.

"ಅಮ್ಮಾ, ನಾನು ತಮಾಷೆಗೆ ಹೇಳಿದ್ದು."

"ಇವತ್ತು ತಮಾಷೆಗೆ. ನಾನಿಲ್ಲದ ದಿನ ಅದೇ ಮಾತು ನಿಜಕ್ಕೆ ಬರುತ್ತದೆ. ಬರಿ ಮಗು. ಇವನ ಎದುರೇ ಕೂತು ಬರಿ. ಯಾರು ಕಡಿಸಿದ್ದು ಅಂತ ಕೇಳಿದರೆ ನನ್ನ ಹೆಸರು ಹಾಕು. ಇವನಿಗೆ ಓದಿ ಹೇಳು."

ಮೊಮ್ಮಗಳು ಕಂಬಳಿಯ ಮೂಲೆಯಲ್ಲಿ ಕೂತು ಫೋನಿನಲ್ಲೇ ಬರೆದಳು. ಅವಳು ಓದಿದ್ದನ್ನು ಮಗ ಅರಬಿಯಲ್ಲಿ ಅಮ್ಮನಿಗೆ, ಹಿಂದಿಯಲ್ಲಿ ನನಗೆ ಹೇಳುತ್ತಾ ಹೋದ. ಕೊನೆಯ ಸಾಲಿಗೆ ಬಂದು ಅವನು ನಿಂತು ನನ್ನ ಕಡೆ ನೋಡಿದ. ಬರೆಯುವವಳ ಅಜ್ಜಿ ಈ ಮನೆಯ ಜೊತೆ ತಿಂಡಿಯ ಡಬ್ಬಿ ಕೊಟ್ಟು ತೆಗೆದುಕೊಳ್ಳುತ್ತಿದ್ದಾರೆ, ಕಡಿದ ಕೊಂಬೆಯ ಎಲೆ ನಮ್ಮ ಮನೆಗೇ ಬಂದಿದೆ, ಎಂದು ಅದನ್ನೂ ಹಾಕಿದ್ದಳು. ಹಜ್ಜಾಗೂ ನನಗೂ ಒಟ್ಟಿಗೇ ನಗು ಬಂತು. ಕಳ್ಳರು ಇಬ್ಬರೂ ಒಂದೇ ಕಂಬಳಿಯ ಮೇಲೆ ಸಿಕ್ಕಿಬಿದ್ದ ಹಾಗಿತ್ತು.

ಆ ದಿನ ನಾನು ಚೀಲ ಬಿಚ್ಚಲಿಲ್ಲ. ಎಳ್ಳುಂಡೆಯನ್ನು ಮನೆಯಲ್ಲಿ ಅಳಿಯ ತಿಂದರು. "ಅತ್ತೆ, ಇವತ್ತು ಡಬ್ಬಿ ವಾಪಸ್ ಬಂದಿದೆ ಅಂದ್ರೆ ಗಲಾಟೆ ಏನೋ ಆಗಿದೆ," ಎಂದರು. ಹೇಳಿದೆ. ಅವರು ಉಂಡೆ ಅಗಿಯುವುದನ್ನು ನಿಲ್ಲಿಸಿ ಒಳಕೋಣೆಯ ಕಡೆ ನೋಡಿದರು, ಮೊಮ್ಮಗಳು ಅಲ್ಲಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ನಾನಾಗಿದ್ರೆ ಕೊಂಬೆ ಬರೆದು ಡಬ್ಬಿ ಬಿಡ್ತಿದ್ದೆ," ಎಂದರು. ಆಮೇಲೆ ಎದ್ದುಹೋಗಿ ಅವಳ ಪಕ್ಕ ಕೂತರು. ಗಾಡಿ ಇಲ್ಲದ ಮುಂದಿನ ಶನಿವಾರ ಯಾರೂ ಎಬ್ಬಿಸದೆ ಎದ್ದು ಅವಳ ಜೊತೆ ಕೂತದ್ದೂ ಅವರೇ. ನನಗೆ ಅಳಿಯನ ಮೇಲೂ ಪ್ರೀತಿ ಉಕ್ಕಿತು.

ಸಂಸ್ಥೆಯವರಿಂದ ಉತ್ತರ ಬರುವವರೆಗೆ ಶುಕ್ರವಾರದ ತಲೆಸ್ನಾನ ಶಾಂಪೂವಿನಲ್ಲೇ ನಡೆಯಿತು. ಉಳಿದ ಪುಡಿಯನ್ನು ಅವಳು ಮುಟ್ಟಲಿಲ್ಲ, ನಾನು ಎಸೆಯಲಿಲ್ಲ. ಬಚ್ಚಲಲ್ಲಿ ಮಾತೂ ಕಡಿಮೆಯಾಗಿತ್ತು. ಒಂದು ಸಲ ಮಾತ್ರ ಕೇಳಿದಳು: "ಬೇರೆ ತೋಟದಲ್ಲಿ ಯಾವ ಮರ ಇರತ್ತೆ ಅಜ್ಜಿ?" ನಾನು, "ಎಲ್ಲಾದರೂ ಮರ ಮರವೇ," ಎಂದೆ. ನನಗೇ ರುಚಿಸದ ಉತ್ತರ ಅದು.

ಒಂದು ಸಂಜೆ ತಂಡದ ಹೆಂಗಸು ಫೋನ್ ಮಾಡಿದರು. ಮೊಮ್ಮಗಳು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ನಾನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದೆ.

"ಕೊಂಬೆ ವಿಷಯ ರೆಕಾರ್ಡ್ ಆಯ್ತು. ಹಜ್ಜಾ ಅವರೇ ಫೋನ್ ಮಾಡಿ ಇನ್ಮೇಲೆ ಕಡಿಸಲ್ಲ ಅಂತ ಹೇಳಿದ್ದಾರೆ, ಮಗನನ್ನ ಪಕ್ಕದಲ್ಲಿ ಕೂರಿಸ್ಕೊಂಡು. ಇನ್ನು ನಿನ್ನ ವಿಷಯ."

ಹುಡುಗಿ ಫೋನಿನ ಹತ್ತಿರ ಬಗ್ಗಿದಳು.

"ನೀನೇ ಬರೆದು ಕೊಟ್ಟಿದ್ದರಿಂದ, ನಿನ್ನನ್ನ ಅಲ್ಲೇ ಬಿಡೋಣ ಅಂತ ಆಗಿದೆ. ಒಂದೇ ಕಂಡೀಷನ್. ಅಜ್ಜಿ ಡಬ್ಬಿ ಬಂದ್. ವಾಪಸ್ ಕೊಟ್ಟು ಮುಗಿಸ್ಬೇಕು. ಅಮ್ಮಾ, ಕೇಳಿಸ್ತಾ?"

"ಕೇಳಿಸಿತು," ಎಂದೆ.

"ಖಾಲಿ ಕೊಡ್ಬೇಕು ಅಮ್ಮಾ."

ಮೊಮ್ಮಗಳು ನನ್ನ ಸೊಂಟ ಹಿಡಿದು ಮುಖವನ್ನು ನನ್ನ ಸೆರಗಿನಲ್ಲಿ ಒತ್ತಿದಳು. ಈರುಳ್ಳಿಯಿಂದ ನನ್ನ ಕಣ್ಣು ಮೊದಲೇ ತುಂಬಿತ್ತು, ಹಾಗಾಗಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಆದರೆ ಖಾಲಿ ಡಬ್ಬಿ ಕೊಡುವುದು ಹೇಳಿದಷ್ಟು ಸುಲಭವಲ್ಲ. ನನ್ನ ಅಮ್ಮ, ಅವಳ ಅಮ್ಮ, ಯಾರೂ ಕೊಟ್ಟವರಲ್ಲ. ಬೀಡಿಯ ಕಾಲದಲ್ಲಿ ಮನೆಯಲ್ಲಿ ಗಂಜಿಗೆ ಅಕ್ಕಿ ಕಡಿಮೆ ಇದ್ದ ದಿನವೂ ನೆರೆಮನೆಯ ಬಟ್ಟಲಿಗೆ ಏನಾದರೂ ಬಿದ್ದೇ ಹೋಗುತ್ತಿತ್ತು. ಆ ಶನಿವಾರ ಬೆಳಿಗ್ಗೆ ಡಬ್ಬಿಯನ್ನು ತೊಳೆದು, ಒರೆಸಿ, ಬಿಸಿಲಿಗೆ ಹೊಳೆಯುವ ಹಾಗೆ ಮಾಡಿದೆ. ಗಾಡಿಯ ಹಾರ್ನ್ ಕೇಳಿತು. ನನ್ನ ಕೈ ತನ್ನಷ್ಟಕ್ಕೇ ಸಕ್ಕರೆಯ ಡಬ್ಬಕ್ಕೆ ಹೋಯಿತು. ಒಂದು ಚಿಟಿಕೆ, ಅಷ್ಟೇ. ಮುಚ್ಚಳ ಹಾಕಿದೆ.

ತೋಟದ ಗೇಟಿನ ಹತ್ತಿರ ಇಳಿದಾಗ ಮೊಮ್ಮಗಳು, "ಮೊದಲು ಡಬ್ಬಿ, ಆಮೇಲೆ ಕೆಲಸ," ಎಂದು ಕೈ ನೀಡಿದಳು. ಕೊಟ್ಟೆ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮುಚ್ಚಳ ತೆಗೆದು ನೋಡಿದಳು.

"ಅಜ್ಜಿ. ಎಂತ ಇದು?"

"ಎಂತ?"

"ಎಂತ ಅಂತ ನಂಗೇ ಕೇಳ್ತೀಯಾ."

"ಪೂರ್ತಿ ಖಾಲಿ ಕೊಡಲಿಕ್ಕೆ ಕೈ ಬರುವುದಿಲ್ಲ ಮಗಾ. ಅದು ತೂಕಕ್ಕೂ ಬರುವುದಿಲ್ಲ."

ಅಲ್ಲೇ ನೆಲಕ್ಕೆ ಸುರಿಯುತ್ತಾಳೆ ಎಂದುಕೊಂಡೆ. ಆದರೆ ಹೊರಗಿನದ್ದು ಏನನ್ನೂ ಅಲ್ಲಿ ಬಿಸಾಡುವ ಹಾಗಿಲ್ಲ, ಅದೂ ನಿಯಮ. ಅವಳು ಸ್ವಲ್ಪ ಯೋಚನೆ ಮಾಡಿದಳು. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಡಬ್ಬಿಯ ತಳವನ್ನು ಸುತ್ತಲೂ ಒರೆಸಿ ಅಷ್ಟೂ ಸಕ್ಕರೆಯನ್ನು ತಾನೇ ತಿಂದಳು. ಸಣ್ಣವಳಿರುವಾಗ ಪಾಯಸದ ಬಟ್ಟಲು ಒರೆಸುತ್ತಿದ್ದದ್ದೂ ಹೀಗೆಯೇ. ಟಿಶ್ಯೂವಿನಿಂದ ಒಳಗೆ ಉಜ್ಜಿ, ಮುಚ್ಚಳ ಹಾಕಿ, ನನ್ನ ಕೈಗೆ ವಾಪಸು ಕೊಟ್ಟಳು.

"ಈಗ ಕೊಡು."

ಹಜ್ಜಾ ಡಬ್ಬಿ ತೆಗೆದುಕೊಂಡರು. ಹಗುರ ಇದ್ದದ್ದು ಅವರಿಗೂ ಕೈಗೆ ಗೊತ್ತಾಯಿತು. ಮುಚ್ಚಳ ತೆಗೆಯಲಿಲ್ಲ. ಕಂಬಳಿಯ ಮೇಲೆ ತನ್ನ ಮೊಣಕಾಲಿನ ಪಕ್ಕ ಇಟ್ಟುಕೊಂಡು, ನಮ್ಮಿಬ್ಬರ ಕುಂಟು ಹಿಂದಿಯಲ್ಲಿ ಹೇಳಿದರು: "ಇದು ಇಲ್ಲೇ ಇರುತ್ತದೆ. ಇವಳು ದೊಡ್ಡವಳಾಗಿ, ನೀನಿಲ್ಲದೆ ಒಬ್ಬಳೇ ಬರುವ ಕಾಲ ಬರುತ್ತದಲ್ಲ, ಆಗ ನಿನಗೆ ಆ ಕಾರ್ಡು ಬೇಡ. ನೀನು ಕೋಲು ಬಿಟ್ಟು ನನ್ನ ಮನೆಗೆ ಬಾ. ತುಂಬಿಸಿ ಕೊಡುತ್ತೇನೆ."

"ಅಷ್ಟು ವರ್ಷ ಇರಬೇಕಲ್ಲ ಇಬ್ಬರೂ," ಎಂದೆ.

"ಇರುವ. ಕೆಲಸ ಉಂಟಲ್ಲ," ಎಂಬ ಅರ್ಥದಲ್ಲಿ ಅವರು ಎರಡು ಕೈಯನ್ನೂ ಮೇಲೆತ್ತಿ ಮೊಮ್ಮಗಳ ಕಡೆ ತೋರಿಸಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ ಮಾತಿಲ್ಲದೆಯೇ ನನಗೆ ಪೂರ್ತಿ ಅರ್ಥವಾಯಿತು.

ಕಾಫಿ ಆಮೇಲೆ ಎಂದು ಎದ್ದೆವು. ಮೊದಲ ಕಲ್ಲು, ಎರಡನೆಯ ಕಲ್ಲು. ಮೂರನೆಯ ಕಲ್ಲಿನಲ್ಲಿ ಅವಳು, ಬೋರೆ ಮರದ ಕೆಳಗೆ ನಾನು, ನನ್ನ ಕೈಯಲ್ಲಿ ಕೋಲು. ಬಿಸಿಲು ನೇರ ಮುಖಕ್ಕೆ. ಮೇಲೆ ಆ ದುಂಡಗಿನ ಗಾಯದ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು ಎರಡು ಮೂರು ಕಡೆ ಒಡೆದಿತ್ತು. ಅವಳು ಅದನ್ನು ನನಗಿಂತ ಮೊದಲೇ ನೋಡಿದ್ದಳು. ಹತ್ತಿರದಿಂದ ಅದರದ್ದೇ ಒಂದು ಫೋಟೋ ಬೇರೆ ತೆಗೆದುಕೊಂಡು, ಓಡಿಹೋಗಿ ಕಲ್ಲಿನ ಮೇಲೆ ನಿಂತಳು.

"ಅಜ್ಜಿ, ಕಣ್ಣು ತೆರಿ."

"ನೆರಳು ಬರಲಿ, ತೆರೆಯುತ್ತೇನೆ," ಎಂದೆ.

ಅವಳು ಹಾಗೇ ತೆಗೆದಳು.